ಯಾವ ಡಬ್ಬಿ?

ನನ್ನ ಮೊಮ್ಮಗಳು ಪಿಕ್ಚರ್ ಮಾಡಿದಳು. ಈ ಸುದ್ದಿಯನ್ನು ಬ್ಯಾಡಗಿಯ ನಮ್ಮ ಓಣಿಯಲ್ಲಿ ಯಾರಿಗೆ ಹೇಳಿದೆ, ಯಾರಿಗೆ ಬಿಟ್ಟೆ ಎಂದು ಕೇಳಿದರೆ, ಬಿಟ್ಟವರು ಯಾರೂ ಇಲ್ಲ. ಹಾಲಿನವನಿಗೆ ಹೇಳಿದೆ, ಹಿಟ್ಟಿನ ಗಿರಣಿಯವನಿಗೆ ಹೇಳಿದೆ, ನನ್ನ ಸಂಗಡ ಕುಳಿತು ಮೆಣಸಿನಕಾಯಿ ತುಂಬು ಬಿಡಿಸುವ ಹೆಂಗಸರಿಗಂತೂ ದಿನಾ ಹೇಳಿದೆ. ತುಂಬು ಅಂದರೆ ತೊಟ್ಟು. ಅವರಲ್ಲಿ ಒಬ್ಬಳು, "ನಿನ್ನೆನ ಹೇಳಿದ್ಯಲ್ಲಬೇ ಯಕ್ಕಾ" ಅಂದಳು. "ನಿನ್ನೆ ಹೇಳಿದ್ದು ನಿನ್ನಿ ಖುಷಿ, ಇದು ಇವತ್ತಿಂದು" ಅಂದೆ.

ಖುಷಿ ಅಂದರೆ ಅಂಥಿಂಥ ಖುಷಿಯಲ್ಲ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನನ್ನ ಮಗನ ಮಗಳು ಹಾವೇರಿಯಲ್ಲಿ ಕಾಲೇಜು ಮುಗಿಸಿ, ಗೆಳೆಯ ಗೆಳತಿಯರನ್ನು ಕಟ್ಟಿಕೊಂಡು, ತಾನೇ ಕಥೆ ಬರೆದು, ತಾನೇ ಆಡಿಸಿ ಪಿಕ್ಚರ್ ತೆಗೆದಳು. ಅದನ್ನು ರಾಣೆಬೆನ್ನೂರಿನ ಟಾಕೀಸಿನಲ್ಲಿ ಹಾಕುತ್ತಾರೆ ಅಂದರೆ ಯಾವ ಅಜ್ಜಿಯ ಕಾಲು ನೆಲದ ಮೇಲೆ ನಿಂತೀತು? ಏನು ಕಥೆಯೇ ಎಂದು ಕೇಳಿದರೆ, "ನೋಡಿದ ಮ್ಯಾಲೆ ಬೈಯಿ, ಈಗ ಕೇಳಬ್ಯಾಡ" ಅನ್ನುತ್ತಿದ್ದಳು. ಬೈಯುವುದು ಯಾಕೆ ಎಂದು ಆವಾಗಲೇ ಕೇಳಬೇಕಿತ್ತು. ನಾನು ಹೊಸ ಸೀರೆಗೆ ಫಾಲ್ ಹಚ್ಚಿಸುವ ಗಡಿಬಿಡಿಯಲ್ಲಿದ್ದೆ.

ಅಣ್ಣನನ್ನು ಕರೆದುಕೊಂಡೇ ಹೋಗಬೇಕೆಂದು ಹಟ ಹಿಡಿದವಳೂ ನಾನೇ. ಅಣ್ಣ ನನಗಿಂತ ಬಹಳ ದೊಡ್ಡವನು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು, ಮದುವೆ ಮಾಡಿಕೊಟ್ಟವನು ಅವನೇ. ಕಾಗಿನೆಲೆಯ ಹತ್ತಿರದ ನಮ್ಮ ತವರೂರಿನಲ್ಲಿ ಈಗಲೂ ಬದುವಿನ ಜಗಳವಾದರೆ, ಅಣ್ಣ ತಮ್ಮಂದಿರು ಪಾಲಾಗುವುದಾದರೆ ಮಂದಿ ಅವನ ಕಟ್ಟೆಗೆ ಬರುತ್ತಾರೆ. ಅವನು ಹೇಳಿದ ನ್ಯಾಯಕ್ಕೆ ಎದುರಾಡುವವರಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಒಂದು ಪಂಚಮಿ ತಪ್ಪಿಸಿದವನಲ್ಲ. ಶ್ರಾವಣ ಬಂತೆಂದರೆ ಅವನ ಚಪ್ಪಲಿಯ ಸಪ್ಪಳ ನಮ್ಮ ಬಾಗಿಲಲ್ಲಿ ಕೇಳಬೇಕು, "ತಂಗೀ, ಕರಿಯಾಕ ಬಂದೇನಿ" ಅನ್ನಬೇಕು, ನಾನು ಚೀಲ ಹಿಡಿದು ಹೊರಡಬೇಕು. ನಮ್ಮ ಸೀಮೆಯ ಹೆಣ್ಣುಮಗಳಿಗೆ ಇದಕ್ಕಿಂತ ದೊಡ್ಡ ಮಾನ ಯಾವುದಿದೆ? ಅಂಥ ಅಣ್ಣನನ್ನು ಬಿಟ್ಟು ಮೊಮ್ಮಗಳ ಪಿಕ್ಚರ್ ನೋಡಿದರೆ ಉಂಡದ್ದು ಮೈಗೆ ಹತ್ತೀತೇ?

ಟೆಂಪೊ ಮಾಡಿಕೊಂಡು ಹೋದೆವು. ಟಾಕೀಸಿನಲ್ಲಿ ಅಣ್ಣನನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಪರದೆಯ ಮೇಲೆ ಹೆಸರು ಓಡುವಷ್ಟು ಜೋರಾಗಿ ಓದಲು ನನಗೆ ಬರುವುದಿಲ್ಲ. ಆದರೆ ಮೊಮ್ಮಗಳ ಹೆಸರಿನ ಮೊದಲ ಅಕ್ಷರ ಕಂಡದ್ದೇ ಎದ್ದು ನಿಂತೆ. ಹಿಂದಿನವರು ಕುಂದ್ರಬೇ ಯವ್ವಾ ಅಂದರು. ಅಣ್ಣ ನನ್ನ ಸೆರಗು ಹಿಡಿದು ಕೂರಿಸಿದ, ನಕ್ಕ. ಅವನ ಆ ನಗೆ ನನಗೆ ಇನ್ನೂ ಕಣ್ಣ ಮುಂದಿದೆ. ಅದೇ ಕೊನೆಯದು.

ಪಿಕ್ಚರ್ ಬಹಳ ನಿಧಾನ. ಒಲೆ ಹಚ್ಚಿದರೆ ನೀರು ಕಾಯುವ ತನಕ ನಾವೂ ಕಾಯಬೇಕು. ಒಬ್ಬ ಮುದುಕಿ ಅಂಗಳ ಕಸ ಹೊಡೆದರೆ ಅಂಗಳ ಪೂರ್ತಿ ಆಗಬೇಕು. ಹಿಂದೆ ಕುಳಿತವನೊಬ್ಬ, ಟಿಕೀಟಿನ ಕೂಡ ಚಾದರ ಕೊಟ್ಟಿದ್ದರೆ ಚಲೋ ಇತ್ತು ಅಂದ. ಮಂದಿ ನಕ್ಕರು. ನನಗೆ ಮಾತ್ರ ನಿಧಾನ ಅನ್ನಿಸಲಿಲ್ಲ. ಕಸಬರಿಗೆ ಹಿಡಿದ ಆ ಕೈ ಸಂದಿಗೆ ಬಂದಾಗ ಎಡಕ್ಕೆ ಹೊರಳುತ್ತಿತ್ತು. ನಮ್ಮ ತವರುಮನೆಯ ಅಂಗಳದಲ್ಲಿ ಒಂದು ಒರಳುಕಲ್ಲು ಅಡ್ಡ ಇತ್ತು, ಅಲ್ಲಿ ಎಲ್ಲರೂ ಎಡಕ್ಕೇ ಹೊರಳುತ್ತಿದ್ದರು. ಆಮೇಲೆ ದೇವರ ಜಗಲಿ ಬಂತು, ಅದರ ಹಿಂದಿನ ಗೋಡೆಯಲ್ಲಿ ಮಾಡ ಬಂತು, ಮಾಡದೊಳಗೆ ಹಿತ್ತಾಳೆಯ ಡಬ್ಬಿ ಬಂತು. ನಮ್ಮ ಅಜ್ಜಿಯ ಬಂಗಾರದ ಡಬ್ಬಿ. ಒಂದು ದಿನ ಮಾಡ ಬರಿದಾಗಿತ್ತು. ಮನೆಯ ಸಣ್ಣ ಸೊಸೆ, ಗಂಡ ಸತ್ತವಳು, ಕಂಬ ಹಿಡಿದು ನಿಂತಿದ್ದಳು.

ಇದು ನಮ್ಮ ಮನೆಯ ಕಥೆ. ಮೊಮ್ಮಗಳಿಗೆ ನಾನೇ ಹೇಳಿದ್ದು. ಅವಳು ಸಣ್ಣವಳಿದ್ದಾಗ ನಿದ್ದೆ ಬಾರದಿದ್ದರೆ ತೊಡೆಯ ಮೇಲೆ ಹಾಕಿಕೊಂಡು, ಬೇರೆ ಕಥೆ ಮುಗಿದ ಮೇಲೆ, ಅಳುಕುತ್ತ ಹೇಳಿದ್ದು. ಮನೆತನದ ಮುಚ್ಚಿಟ್ಟ ಗಾಯ ಅದು. ಅದನ್ನು ಅವಳು ರಾಣೆಬೆನ್ನೂರಿನ ಮಂದಿಗೆಲ್ಲ ಬಿಚ್ಚಿ ತೋರಿಸುತ್ತಿದ್ದಳು, ಅದೂ ನಾನು ಹೊಸ ಸೀರೆ ಉಟ್ಟುಕೊಂಡು ಬಂದ ದಿನ.

ನಡೆದದ್ದು ಹೀಗೆ. ನಮ್ಮ ಕಾಕಾ ಮದುವೆಯಾದ ಸ್ವಲ್ಪ ದಿನಕ್ಕೇ ಜ್ವರ ಬಂದು ಹೋದ. ಅವನ ಹೆಂಡತಿ, ನನ್ನ ಚಿಗವ್ವ, ತುಂಗಭದ್ರೆಯ ದಂಡೆಯ ಐರಣಿಯವಳು. ಮಕ್ಕಳಿರಲಿಲ್ಲ. ಇದ್ದ ಅಕ್ಕರೆಯನ್ನೆಲ್ಲ ನನ್ನ ಮೇಲೆ ಸುರಿದಳು. ನನಗೆ ತುಂಬು ಬಿಡಿಸಲು ಕಲಿಸಿದವಳು ಅವಳು. ಎಲ್ಲರೂ ಹೆಬ್ಬೆರಳು ತೋರುಬೆರಳಿನಿಂದ ಮುರಿದರೆ, ಅವಳು ಹೆಬ್ಬೆರಳು ನಡುಬೆರಳಿನಿಂದ ಮುರಿಯುವಳು. ತೋರುಬೆರಳು ಖಾಲಿ ಇದ್ದರೆ ಕಣ್ಣಿಗೆ ಬಂದ ಕೂದಲು ಸರಿಸಲು ಬರುತ್ತದೆ, ಖಾರ ಕಣ್ಣಿಗೆ ಹತ್ತುವುದಿಲ್ಲ ಅನ್ನುವಳು. ಕಣದಲ್ಲಿ ಎರಡು ರಾಶಿ ಮಾಡುವುದನ್ನೂ ಅವಳೇ ಕಲಿಸಿದಳು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಗಿಡ್ಡಗೆ, ಉಬ್ಬಿಕೊಂಡು ಇರುವುದು ಡಬ್ಬಿ. ಉದ್ದಕ್ಕೆ, ತೆಳ್ಳಗೆ ಇರುವುದು ಕಡ್ಡಿ. ಡಬ್ಬಿ ಒಳ್ಳೆಯದು. ಸುಗ್ಗಿ ಆದ ಮೇಲೆ ಮನೆಯ ಸೊಸೆಯರು ತಮ್ಮ ತವರಿಗೆ ಒಂದು ಬುಟ್ಟಿ ಮೆಣಸಿನಕಾಯಿ ಕಳಿಸುವುದು ಪದ್ಧತಿ. ಆದರೆ ಕಳಿಸುವುದು ಕಡ್ಡಿ. ಡಬ್ಬಿ ಪೇಟೆಗೆ.

ಆ ಸುಗ್ಗಿಯಲ್ಲಿ ನನ್ನ ಮೈತುಂಬ ಅಮ್ಮ ಎದ್ದಿತ್ತು. ಗುಳ್ಳೆಗಳು ಬಾಡುವ ತನಕ ಒಳಕೋಣೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು, ಹೊರಗೆ ಬಿಡುತ್ತಿರಲಿಲ್ಲ. ಬಂಗಾರದ ಡಬ್ಬಿ ಕಳೆದು ಮನೆಯೆಲ್ಲ ಹುಡುಕಿ ಸುಸ್ತಾದ ದಿನ ನಡುಮನೆಯಲ್ಲಿ ಅಪ್ಪನ ದನಿ ಕೇಳಿಸಿತು. "ಡಬ್ಬಿ ಕೊಟ್ಟೀಯೇನು?" ಚಿಗವ್ವನ ದನಿ ಸಣ್ಣಗೆ ಬಂತು. "ಹೌದ್ರಿ ಭಾವ. ಡಬ್ಬಿ ನಾನ ಕೊಟ್ಟ ಕಳಿಸೇನಿ ಐರಣಿಗೆ. ತಪ್ಪಾತು." ಅಷ್ಟೇ. ಆಮೇಲೆ ಅಜ್ಜಿ ಎದೆ ಬಡಿದುಕೊಂಡು ಅತ್ತದ್ದು, ಚಿಗವ್ವ ಏನೋ ಕೂಗಿದ್ದು, ಆ ಅಳುವಿನಲ್ಲಿ ಕೂಗು ಮುಳುಗಿದ್ದು, ಅಂಗಳದಲ್ಲಿ ಚಕ್ಕಡಿ ಹೂಡಿದ್ದು. ನನಗೆ ಗೋಡೆ ಅಡ್ಡ. ನಾನು ಎದ್ದು ಓಡಾಡುವ ಹೊತ್ತಿಗೆ ಚಿಗವ್ವನ ಟ್ರಂಕಿನ ಜಾಗದಲ್ಲಿ ನೆಲ ಬೆಳ್ಳಗೆ ಕಾಣುತ್ತಿತ್ತು. ಉಳಿದದ್ದನ್ನು ಅಣ್ಣ ಹೇಳಿದ: ಕಣದಲ್ಲಿ ತನ್ನ ಮುಂದೆ ಅವಳೇ ಒಪ್ಪಿಕೊಂಡಳು, ತಾನು ಹಿರಿಯರಿಗೆ ಹೇಳಿದೆ, ಹಿರಿಯರ ಮುಂದೆಯೂ ಒಪ್ಪಿಕೊಂಡಳು. ಆ ಹೆಸರು ಇನ್ನು ಈ ಮನೆಯಲ್ಲಿ ಬೇಡ ಅಂದ ಅಪ್ಪ. ಯಾರೂ ಎತ್ತಲಿಲ್ಲ.

ನಾನು ಹೇಗೆ ನಂಬದಿರಲಿ? ನನ್ನ ಕಿವಿಯಿಂದಲೇ ಕೇಳಿದ್ದೆ. ತಾಯಿಗಿಂತ ಹೆಚ್ಚು ಹಚ್ಚಿಕೊಂಡವಳು ಮನೆಗೆ ಕನ್ನ ಹಾಕಿದಳು ಎಂಬ ನೋವಿನಲ್ಲೇ ದೊಡ್ಡವಳಾದೆ. ಆದರೂ ಹೊಟ್ಟೆಯ ಕರುಳು ಕೇಳಬೇಕಲ್ಲ. ನನ್ನ ಚೊಚ್ಚಲು ಮಗನ ತೊಟ್ಟಿಲಿಗೆ ಅವಳನ್ನು ಕರೆಯಬೇಕೆನ್ನಿಸಿ ಅಣ್ಣನ ಮುಂದೆ ಬಾಯಿಬಿಟ್ಟೆ. ಅಣ್ಣ, ಅವಳು ಹೋದ ವರ್ಷವೇ ತೀರಿಕೊಂಡಳಂತೆ, ಇನ್ನು ಆ ಸುದ್ದಿ ಬಿಡು ಅಂದ. ಹಸೀ ಬಾಣಂತಿ ನಾನು, ಎದ್ದು ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡೆ. ಸತ್ತ ಸುದ್ದಿ ಕೇಳಿದ ಮೇಲೆ ನಮ್ಮವಳೆಂದು ಸೂತಕದ ನೀರಾದರೂ ಹಾಕಿಕೊಳ್ಳಬೇಕಲ್ಲ. ಕಳ್ಳಿಗೆ ಯಾಕೆ ನೀರು ಎಂದು ನಮ್ಮ ಅತ್ತೆ ಬೈದರು.

ಇಂಟರ್ವಲ್ ಬಿಟ್ಟದ್ದೇ ಬಾಗಿಲ ಹತ್ತಿರ ನಿಂತಿದ್ದ ಮೊಮ್ಮಗಳ ಕೈ ಹಿಡಿದು ಜಗ್ಗಿದೆ. "ನಾ ನಿನಗ ಹೇಳಿದ್ದು ಮಲಗಸಾಕ. ಊರಿಗೆ ತೋರಸಾಕಲ್ಲ" ಅಂದೆ. ಅವಳ ಕಣ್ಣು ತುಂಬಿತ್ತು, ಆದರೆ ತಗ್ಗಲಿಲ್ಲ. "ಇನ್ನ ಅರ್ಧ ಐತಿ ಅಜ್ಜಿ. ಅರ್ಧಕ್ಕ ಬೈಬ್ಯಾಡ" ಅಂದಳು.

ಹೊರಳಿ ನೋಡಿದರೆ ಅಣ್ಣ ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟು ನಿಂತಿದ್ದ. ಸಕ್ಕರೆ ಇಳಿದೈತಿ, ಕೈಕಾಲು ನಡುಗತಾವ ಅಂದ. ನಾನು ಅವನ ಬಾಯಿಗೆ ಪೆಪ್ಪರಮಿಂಟು ಹಾಕಿ, ಮತ್ತೊಂದನ್ನು ಕೈಯಲ್ಲಿಟ್ಟು ಕೂರಿಸಿದೆ. ಪಾಪ, ಮನೆಯ ಮಾನ ಹೋಯಿತೆಂದು ಅವನಿಗೂ ಸಂಕಟವಾಗಿದೆ ಎಂದುಕೊಂಡೆ. ಅವನ ಬೆನ್ನು ಸವರಿದೆ ಕೂಡ.

ಮುಂದಿನ ಅರ್ಧ ಇನ್ನೂ ನಿಧಾನ. ಬಿಸಿಲು, ಕಣ, ಕೆಂಪಗೆ ಹರವಿದ ಮೆಣಸಿನಕಾಯಿ, ಎರಡು ರಾಶಿ. ಒಂದು ರಾಶಿ ಕುಗ್ಗಿದೆ. ಸಣ್ಣ ಸೊಸೆ ಕುಳಿತು ತುಂಬು ಬಿಡಿಸುತ್ತಾಳೆ, ಹೆಬ್ಬೆರಳು ನಡುಬೆರಳಿನಿಂದ. ಮನೆಯ ದೊಡ್ಡ ಮಗ, ಮೀಸೆ ಚಿಗುರಿದವನು, ಬಂದು ಆ ಕುಗ್ಗಿದ ರಾಶಿಯನ್ನು ಕಾಲಿನಿಂದ ಸರಿಸಿ, "ಚಿಗವ್ವಾ, ಡಬ್ಬಿ ಕಡಿಮಿ ಆಗೈತಲ್ಲ, ಎಲ್ಲಿ ಹೋತು?" ಅನ್ನುತ್ತಾನೆ. ಅವಳು ನಾಲಿಗೆ ಕಚ್ಚಿಕೊಳ್ಳುತ್ತಾಳೆ. ಕೈಯಲ್ಲಿದ್ದ ಉಬ್ಬಿದ ಕಾಯಿಯನ್ನು ತಿರುವುತ್ತ, "ಡಬ್ಬಿ ನಾನ ಕೊಟ್ಟ ಕಳಿಸೇನಿ ತವರಿಗೆ. ಕಡ್ಡಿ ಕಳಸೂದಿತ್ತು, ತಪ್ಪಾತು. ಹಿರ್ಯಾರಿಗೆ ಹೇಳಬ್ಯಾಡಪಾ" ಅನ್ನುತ್ತಾಳೆ.

ಅವನು ಹೇಳುವುದಿಲ್ಲ ಎಂದು ತಲೆ ಆಡಿಸಿ ಮನೆಯ ಕಡೆ ನಡೆಯುತ್ತಾನೆ. ಕಣದಿಂದ ಹೊಸ್ತಿಲ ತನಕ ನಡೆಯುವುದನ್ನೆಲ್ಲ ನನ್ನ ಮೊಮ್ಮಗಳು ತೋರಿಸಿದ್ದಾಳೆ, ಒಂದು ಹೆಜ್ಜೆ ಬಿಟ್ಟಿಲ್ಲ. ಹೊಸ್ತಿಲಲ್ಲಿ ನಿಲ್ಲುತ್ತಾನೆ. ಕಾಲು ಒಳಗಿಡುತ್ತಾನೆ, ಹೊರಗಿಡುತ್ತಾನೆ. ಚಾದರ ಕೇಳಿದವನೂ ಈಗ ಸುಮ್ಮನಿದ್ದ. ಒಳಗೆ ಹೋಗಿ ಹುಡುಗ ಹಿರಿಯರಿಗೆ ಹೇಳುತ್ತಾನೆ: "ಡಬ್ಬಿ ಆಕೀನ ಕೊಟ್ಟ ಕಳಿಸ್ಯಾಳಂತ. ಬೇಕಾದ್ರ ಕರೆದ ಕೇಳ್ರಿ."

ನನ್ನ ಕಿವಿಯಲ್ಲಿ ಗೋಡೆ ಒಡೆದಂತಾಯಿತು. ನಡುಮನೆಯಲ್ಲಿ ಅಪ್ಪ ಕೇಳಿದ್ದು ಬಂಗಾರದ ಡಬ್ಬಿ. ಚಿಗವ್ವ ಹೌದೆಂದು ತಪ್ಪೊಪ್ಪಿದ್ದು ಮೆಣಸಿನಕಾಯಿ ಡಬ್ಬಿ. ಅದು ತಿಳಿದ ಮೇಲೆ ಅವಳು ಕೂಗಿದಳು, ಆ ಕೂಗೇ ಅಜ್ಜಿಯ ಅಳುವಿನಲ್ಲಿ ಮುಳುಗಿದ್ದು. ಕೇಳಿದ್ದು ಯಾವ ಡಬ್ಬಿ ಎಂದು ಎದೆ ಮುಟ್ಟಿ ಹೇಳಬಲ್ಲವನು ಕಣದಲ್ಲಿ ನಿಂತು ಕೇಳಿದವನೊಬ್ಬನೇ. ಅವನು ನನ್ನ ಪಕ್ಕದಲ್ಲಿ ಪೆಪ್ಪರಮಿಂಟು ಚೀಪುತ್ತ ಕುಳಿತಿದ್ದ.

ಪಿಕ್ಚರಿನಲ್ಲಿ ಆ ಹುಡುಗ ಬಂಗಾರವನ್ನು ಹಾವೇರಿಗೆ ಬಂದು ಇಳಿದಿದ್ದ ನಾಟಕದ ಕಂಪನಿಗೆ ಸುರಿಯುತ್ತಾನೆ, ರಾಜನ ಪಾತ್ರದ ಆಸೆಗೆ. ಕಿರೀಟ ಅವನ ತಲೆಗೆ ದೊಡ್ಡದಾಗಿ ಕಣ್ಣಿನ ಮೇಲೆ ಇಳಿಯುತ್ತದೆ. ಮಂದಿ ನಕ್ಕರು. ನನಗೆ ನಗು ಬರಲಿಲ್ಲ. ಆ ಸುಗ್ಗಿಯಲ್ಲಿ ಅಣ್ಣ ಹಾವೇರಿಗೆ ಮೇಲಿಂದ ಮೇಲೆ ಹೋಗುತ್ತಿದ್ದ, ಹೊಲದ ತಕರಾರಿನ ಕೋರ್ಟಿನ ಕೆಲಸ ಎಂದು ಅಪ್ಪ ತಿಳಿದಿದ್ದ. ಒಮ್ಮೆ ಅವನ ಕಿವಿಯ ಹಿಂದೆ ಗುಲಾಬಿ ಬಣ್ಣ ಉಳಿದಿದ್ದನ್ನು ಕಂಡು ಏನದು ಎಂದು ಕೇಳಿದ್ದೆ. ಜಾತ್ರೆಯ ಗುಲಾಲು ಅಂದಿದ್ದ. ಯಾವ ಜಾತ್ರೆಯೂ ಇರಲಿಲ್ಲ.

ದೀಪ ಹತ್ತಿದವು. ಹೊರಗೆ ಚಹಾದಂಗಡಿಯ ಹತ್ತಿರ ಮಂದಿ ಮೊಮ್ಮಗಳನ್ನು ಸುತ್ತುಗಟ್ಟಿದ್ದರು. ಚಾದರದವನೇ ಬಂದು, "ನಿದ್ದಿ ಬರಲಿಲ್ಲ ನೋಡವಾ, ಇನ್ನ ಮನಿಗೆ ಹೋದ್ರೂ ಬರೂದಿಲ್ಲ" ಎಂದು ಹೇಳಿ ಹೋದ. ಅಣ್ಣ ಗುಂಪು ಕರಗುವುದನ್ನೇ ಕಾದಿದ್ದು ಅವಳ ಹತ್ತಿರ ಬಂದ. ಕಥೆ ಸುಳ್ಳು ಅನ್ನುತ್ತಾನೆ, ಬೈಯುತ್ತಾನೆ, ಹೊಡೆಯಲು ಕೈ ಎತ್ತುತ್ತಾನೆ ಎಂದೆಲ್ಲ ಕಾದೆ. ಅವನು ಕೇಳಿದ್ದು ಒಂದೇ ಮಾತು.

"ಆಕಿ ಇನ್ನೂ ಅದಾಳೇನು?"

"ನಿನಗ ಗೊತ್ತಿಲ್ಲೇನಣ್ಣಾ?" ಅಂದೆ. "ಸತ್ತಾಳಂತ ನನಗ ಹೇಳಿದಾವ ನೀನ. ನಾ ನೀರ ಹಾಕ್ಕೊಂಡೇನಿ."

ಅವನು ನನ್ನ ಕಡೆ ನೋಡಲಿಲ್ಲ. ಟವೆಲಿನಿಂದ ಬಾಯಿ ಒರೆಸಿಕೊಂಡು ಟೆಂಪೊದಲ್ಲಿ ಡ್ರೈವರನ ಪಕ್ಕ ಹೋಗಿ ಕುಳಿತ. ದಾರಿಯುದ್ದಕ್ಕೂ ಅವನ ಬೋಳು ಹೆಡಕು ನೋಡುತ್ತ ಬಂದೆ. ಎಷ್ಟು ಪಂಚಮಿಗೆ ಅದರ ಹಿಂದೆ ಹಿಂದೆ ತವರಿಗೆ ನಡೆದಿದ್ದೆ.

ಮೊಮ್ಮಗಳು ಮನೆಯಲ್ಲಿ ಎಲ್ಲ ಬಿಚ್ಚಿ ಹೇಳಿದಳು. ಹೊಳೆಯ ದಂಡೆಯಲ್ಲಿ ಒಂದು ಹಳೆಯ ಮನೆ ಪಿಕ್ಚರಿಗೆ ಬೇಕೆಂದು ಐರಣಿಗೆ ಹೋಗಿದ್ದಾಳೆ. ಕಟ್ಟೆಯ ಮೇಲೆ ಒಬ್ಬ ಮುದುಕಿ ನಡುಬೆರಳಿನಿಂದ ತುಂಬು ಮುರಿಯುತ್ತಿದ್ದುದನ್ನು ನೋಡಿ, ನಮ್ಮ ಅಜ್ಜಿಯೂ ಹಿಂಗ ಮುರಿತಾಳ ಅಂದಿದ್ದಾಳೆ. ಮುದುಕಿ ಕೆಲಸ ನಿಲ್ಲಿಸಿ, ನಿಮ್ಮಜ್ಜಿಗೆ ಅಮ್ಮನ ಕಲೆ ಎಡಗೆನ್ನೆ ಮ್ಯಾಲೆ ಐತೇನು ಎಂದು ಕೇಳಿದಳಂತೆ. ಆಮೇಲೆ ಕಣದಲ್ಲಿ ಆದ ಮಾತನ್ನೆಲ್ಲ ಅವಳೇ ಹೇಳಿದಳಂತೆ. ವರ್ಷದ ಮೇಲಾಯಿತಂತೆ ಇದಾಗಿ. ಇಷ್ಟು ದಿನ ನನ್ನಿಂದ ಮುಚ್ಚಿಟ್ಟೆಯಾ ಎಂದು ಅವಳ ಮೇಲೂ ಹರಿಹಾಯ್ದೆ. ಅವಳು ನನ್ನ ಕಾಲು ಹಿಡಿದುಕೊಂಡು, ಹೇಳಿದ್ದರೆ ನೀನು ನೆಟ್ಟಗೆ ನಿಮ್ಮಣ್ಣನನ್ನು ಕೇಳಲು ಹೋಗುತ್ತಿದ್ದೆ, ಅವನು ಇಲ್ಲ ಅನ್ನುತ್ತಿದ್ದ, ನೀನು ನಂಬುತ್ತಿದ್ದೆ ಅಂದಳು. ನಂಬುತ್ತಿದ್ದೆ.

ಆದರೆ ನೋಡಿ, ಅಷ್ಟು ಸಿಟ್ಟಿನ ನಡುವೆ ನನಗೆ ಒಳಗೊಳಗೇ ಹಾಲು ಉಕ್ಕಿದ ಹಾಗೆ. ಸತ್ತವಳು ಇದ್ದಾಳೆ. ನನ್ನ ಚಿಗವ್ವ ಇದ್ದಾಳೆ. ಅತ್ತೆನೋ ನಕ್ಕೆನೋ, ನಮ್ಮ ಸೊಸೆ ಹೆದರಿ ಡಾಕ್ಟರನ್ನು ಕರೆಸಲೇ ಎಂದು ಕೇಳಿದಳು. ಮರುದಿನ ಮೊದಲ ಬಸ್ಸಿಗೆ ರಾಣೆಬೆನ್ನೂರು, ಅಲ್ಲಿಂದ ಐರಣಿಯ ಬಸ್ಸು. ಬಸ್ಸಿನಲ್ಲಿ ಪಕ್ಕ ಕುಳಿತವಳಿಗೂ ಹೇಳಿದೆ, ನಮ್ಮ ಚಿಗವ್ವನ ನೋಡಾಕ ಹೊಂಟೇನಿ ಎಂದು. ನನ್ನ ನರೆತ ಕೂದಲು ನೋಡಿ, ನಿನಗ ಇನ್ನೂ ಚಿಗವ್ವ ಅದಾಳೇನಬೇ ಅಂದಳು. ಅದಾಳ, ಅದಾಳ, ಅದಾಳ ಅಂದೆ.

ಚಿಗವ್ವ ಕಟ್ಟೆಯ ಮೇಲೆ ಮೊರ ಮುಂದಿಟ್ಟುಕೊಂಡು ಕುಳಿತಿದ್ದಳು. ಬಾಗಿ ಬಾಗಿ ಸಣ್ಣವಳಾಗಿದ್ದಳು. ಮೊಮ್ಮಗಳು ಯಾರು ಬಂದಿದ್ದಾರೆಂದು ಹೇಳಿದಳು. ಚಿಗವ್ವ ನನ್ನ ಮುಖ ನೋಡಲಿಲ್ಲ, ಮೊರದಿಂದ ಒಂದು ಕಾಯಿ ತೆಗೆದು ನನ್ನ ಕಡೆ ಹಿಡಿದಳು. "ಮುರಿ ನೋಡೂಣು." ಮುರಿದೆ. ನಡುಬೆರಳನ್ನು ನೋಡಿ, "ಹೂಂ, ನೀನ" ಅಂದಳು. ಆಮೇಲೆ ನನ್ನ ಎಡಗೆನ್ನೆ ಸವರಿದಳು. ಖಾರದ ಕೈ, ಕೆನ್ನೆ ಉರಿಯಿತು. ಉರಿಯಲಿ ಎಂದು ಬಿಟ್ಟೆ.

ನಾನು ಬಿಕ್ಕುತ್ತಾ ನೀರು ಹಾಕಿಕೊಂಡದ್ದನ್ನು ಹೇಳಿದೆ. ಅವಳು ತಲೆ ಓರೆ ಮಾಡಿ ಕೇಳಿ, "ಬಿಸಿನೀರೋ, ತಣ್ಣೀರೋ?" ಅಂದಳು.

"ತಣ್ಣೀರು. ಬಾಣಂತಿ ಇದ್ದೆ."

"ಹುಚ್ಚಿ. ನಾ ಸತ್ತರೂ ಬಿಸಿನೀರಾಗ ಸ್ನಾನ ಮಾಡಬೇಕು ನೀ."

ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಊಟ ಮಾಡಿಸಿದಳು. ಅವಳ ಅಣ್ಣ ಬದುಕಿರುವ ತನಕ ಅವಳನ್ನು ಚೆನ್ನಾಗಿ ನೋಡಿಕೊಂಡನಂತೆ, ಈಗ ಅವನ ಮಕ್ಕಳೂ ನೋಡಿಕೊಳ್ಳುತ್ತಾರಂತೆ. ಆದರೆ ಊರಿನಲ್ಲಿ ಯಾರ ಮನೆಯಲ್ಲಿ ಮೂಗುತಿ ಕಳೆದರೂ ಅವಳು ತಾನಾಗಿಯೇ ತನ್ನ ಟ್ರಂಕು ತೆಗೆದು ತೋರಿಸಿ ಬರುತ್ತಿದ್ದಳಂತೆ, ಕೇಳುವ ಮೊದಲೇ. ಇದನ್ನು ಹೇಳುವಾಗ ಮಾತ್ರ ಅವಳ ದನಿ ಸಪ್ಪಗಾಯಿತು. ಅಣ್ಣ ದನದ ಕೊಟ್ಟಿಗೆಯಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡು ರಾಜನ ಮಾತು ಒಪ್ಪಿಸುತ್ತಿದ್ದುದನ್ನು ಅವಳು ಆಗಲೇ ಕಂಡಿದ್ದಳು. ಎಮ್ಮೆಗೆ ಅಪ್ಪಣೆ ಮಾಡುತ್ತಿದ್ದನಂತೆ. ತಾನು ನಕ್ಕೆ, ಆ ನಗೆಯೇ ತನಗೆ ಮುಳುವಾಯಿತೋ ಏನೋ ಅಂದಳು.

ಪಿಕ್ಚರಿನಿಂದ ಎಲ್ಲರಿಗೂ ಗೊತ್ತಾಯಿತು, ಇನ್ನು ನಿನ್ನ ಹೆಸರು ತೊಳೆದ ಹಾಗಾಯಿತು ಎಂದು ನಾನು ಖುಷಿಯಲ್ಲಿ ಹೇಳಿದೆ. ಅವಳು ಮೊರ ಕುಟ್ಟಿ ಬೀಜ ಉದುರಿಸಿದಳು. "ಪಿಕ್ಚರಿನಾಗ ಹೇಳಿದ್ದು ಪಿಕ್ಚರ್ ಆತು. ಹೇಳಿದ ಬಾಯಿ ಹೇಳಬೇಕು, ಮಂದಿ ಮುಂದ. ಅದನ್ನ ಕೇಳಿ ಹೋಕ್ಕೇನಿ" ಅಂದಳು. ಹೋಗುವುದು ಅಂದರೆ ಯಾವ ಹೋಗುವುದೆಂದು ನನಗೆ ತಿಳಿಯಿತು. ಅವಳಿಗೆ ಈಗ ಕಟ್ಟೆ ಇಳಿಯಲೂ ಆಗುವುದಿಲ್ಲ.

ಅಣ್ಣನಿಗೆ ಹೇಳಿ ಕಳಿಸಿದೆ. ಪಿಕ್ಚರ್ ನೋಡಿ ನ್ಯಾಯ ಹೇಳುವ ಕಾಲ ಬಂತೇನು ಎಂದು ಉತ್ತರ ಬಂತು. ಮತ್ತೆ ಹೇಳಿ ಕಳಿಸಿದೆ. ಉತ್ತರ ಬರಲಿಲ್ಲ.

ಶ್ರಾವಣ ಬಂತು. ಚಪ್ಪಲಿಯ ಸಪ್ಪಳ ಬಂತು. "ತಂಗೀ, ಕರಿಯಾಕ ಬಂದೇನಿ." ಏನೂ ಆಗಿಯೇ ಇಲ್ಲವೇನೋ ಎಂಬಂತೆ ಕೈಯಲ್ಲಿ ಕುಬಸದ ಖಣ, ಶೇಂಗಾ ಉಂಡಿ. ನನ್ನ ಕಾಲು ತಾವಾಗಿಯೇ ಎದ್ದವು, ರೂಢಿ ನೋಡಿ. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಆ ಮನೆಯಿಂದ ಹೊರಗೆ ಹಾಕಿದ ಹೆಣ್ಣುಮಗಳು ಒಬ್ಬಳಿದ್ದಾಳೆ, ಮೊದಲು ಅವಳನ್ನು ಕರೆಯಲು ಹೋಗು, ಆಮೇಲೆ ನನ್ನನ್ನು ಕರೆ ಅಂದೆ. ಅಣ್ಣ ಬಹಳ ಹೇಳಿದ. ಮೊಮ್ಮಗನಿಗೆ ಹೆಣ್ಣು ನೋಡುತ್ತಿದ್ದಾರೆ, ಈಗ ಮನೆತನದ ಮಾತು ಎತ್ತುವ ಹೊತ್ತಲ್ಲ. ತಾನು ಹರೆಯದ ಹುಡುಗನಿದ್ದೆ. ನಿನ್ನನ್ನು ಸಾಕಿದ್ದನ್ನಾದರೂ ನೆನೆ. ಸಾಕಿದ್ದನ್ನು ನೆನೆದೇ ನನಗೆ ಹೊಟ್ಟೆ ಉರಿದದ್ದು. ಬೇರೆಯವನಾಗಿದ್ದರೆ ಬೈದು ಮರೆಯುತ್ತಿದ್ದೆ.

ಉಂಡಿಯ ಗಂಟನ್ನು ಕಟ್ಟೆಯ ಮೇಲೆ ಬಿಟ್ಟು ಹೋದ. ಪಂಚಮಿಯ ಹಿಂದಿನ ದಿನ ಕಾಗಿನೆಲೆಯ ಬಸ್ಸಿನಲ್ಲಿ ಒಂದು ಚೀಲ ಕಳಿಸಿದ, ಐರಣಿಗೆ ಮುಟ್ಟಿಸು ಎಂದು ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ. ಬಿಚ್ಚಿ ನೋಡಿದರೆ ಮೆಣಸಿನಕಾಯಿ, ಆರಿಸಿ ಆರಿಸಿ ಹಾಕಿದ ಡಬ್ಬಿ.

ಆ ಸಲದ ಪಂಚಮಿಗೆ ನನ್ನ ತವರು ಐರಣಿಯಾಯಿತು. ಚಿಗವ್ವನ ಅಣ್ಣನ ಮಕ್ಕಳು ಜೋಕಾಲಿ ಕಟ್ಟಿದ್ದರು. ಈ ವಯಸ್ಸಿನಲ್ಲಿ ಜೋಕಾಲಿ ಏರಿದೆ, ಮೊಮ್ಮಗಳು ಜೀಕಿದಳು, ಚಿಗವ್ವ ಕಟ್ಟೆಯಿಂದಲೇ ಇನ್ನೂ ಮ್ಯಾಲೆ, ಇನ್ನೂ ಮ್ಯಾಲೆ ಅಂದಳು. ಜೋಳದ ಅಳ್ಳು, ಎಳ್ಳುಂಡಿ ತಿಂದ ಮೇಲೆ ಚೀಲ ಕೊಟ್ಟೆ. ಅವಳು ಒಳಗೆ ಕೈಹಾಕಿ ಕಾಯಿಗಳನ್ನು ಬೊಗಸೆಯಲ್ಲಿ ಎತ್ತಿ ಗಲಗಲ ಅನ್ನಿಸಿದಳು, ವಾಸನೆ ನೋಡಿದಳು. ಚಲೋ ಮಾಲು ಎಂದಳು. ಮತ್ತೆ ಏನಾದರೂ ಹೇಳಿದ್ದಾನೇನು ಎಂದು ಕೇಳಿದಳು. ಇಲ್ಲ ಅಂದೆ. ಚೀಲದ ಬಾಯಿ ಬಿಗಿದು ನನ್ನ ತೊಡೆಯ ಮೇಲಿಟ್ಟಳು.

"ಹೊಳ್ಳಿ ಒಯ್ಯಿ. ಕಟ್ಟಿ ಮ್ಯಾಲೆ ಮಂದಿ ಇದ್ದಾಗ ಕೊಡು. ಡಬ್ಬಿ ನಾನ ಕೊಟ್ಟ ಕಳಿಸೇನಿ ಅಂತ ಹೇಳು. ಈ ಸಲ ಗಟ್ಟ್ಯಾಗಿ ಹೇಳು."

ಚೀಲ ತೊಡೆಯ ಮೇಲಿಟ್ಟುಕೊಂಡು ಬಂದೆ. ಬಸ್ಸಿನಲ್ಲಿ ಮುಂದಿನ ಸೀಟಿನವರೆಲ್ಲ ಸೀನಿದರು, ನಾನು ಅವರ ಕ್ಷಮೆ ಕೇಳುತ್ತ ಬಂದೆ.

ತವರೂರಿನಲ್ಲಿ ಅಣ್ಣನ ಕಟ್ಟೆಯ ತುಂಬ ಮಂದಿ. ಇಬ್ಬರು ಅಣ್ಣ ತಮ್ಮಂದಿರ ಬದುವಿನ ಜಗಳ. ಅಣ್ಣ ನಡುವೆ ಕುಳಿತು, ಖರೇ ಹೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ ಎಂದು ಬುದ್ಧಿ ಹೇಳುತ್ತಿದ್ದ. ನನ್ನನ್ನು ಕಂಡು ನಿಲ್ಲಿಸಿದ. ನನ್ನ ಕೈಯಲ್ಲಿದ್ದ ಚೀಲದ ಗುರುತು ಸಿಕ್ಕಿತು ಅವನಿಗೆ. ಆ ಕಟ್ಟೆಯ ಮೇಲೆ ಅವನ ಮುಂದೆ ನಾನು ಎಂದೂ ದನಿ ಎತ್ತಿದವಳಲ್ಲ. ಚೀಲವನ್ನು ಅವನ ಮುಂದಿಟ್ಟೆ.

"ಅಣ್ಣಾ, ಐರಣಿ ಚಿಗವ್ವ ಹೇಳ್ಯಾಳ. ಡಬ್ಬಿ ತಾನ ಕೊಟ್ಟ ಕಳಿಸ್ಯಾಳಂತ."

ಕೆಲವರು ಪಿಕ್ಚರ್ ನೋಡಿದ್ದರು. ಅವರ ಬಾಯಲ್ಲಿ ಎಲೆ ಅಡಿಕೆ ಅಲ್ಲಲ್ಲೇ ನಿಂತಿತು. ನೋಡದವನೊಬ್ಬ, ಕಂಬಕ್ಕೊರಗಿ ಕುಳಿತಿದ್ದ ಅಣ್ಣನ ಓರಗೆಯ ಮುದುಕ, ಏನೂ ತಿಳಿಯದೆ ಕೇಳಿದ.

"ಯಾವ ಡಬ್ಬಿ?"

ಅಂದು ನಡುಮನೆಯಲ್ಲಿ ಅಪ್ಪ ಕೇಳಬೇಕಿದ್ದದ್ದು ಈ ಒಂದು ಮಾತು. ಅಜ್ಜಿ ಕೇಳಲಿಲ್ಲ, ಊರು ಕೇಳಲಿಲ್ಲ. ನಾನು ಮುದುಕನಿಗೆ, "ನಮ್ಮಣ್ಣನ್ನ ಕೇಳ್ರಿ" ಅಂದೆ.

ಎಲ್ಲರೂ ಅಣ್ಣನ ಕಡೆ ಹೊರಳಿದರು. ಅವನು ಚೀಲದ ಬಾಯಿ ಬಿಚ್ಚಿದ. ಒಂದು ಕಾಯಿ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದ.

"ಮೆಣಸಿನಕಾಯಿ" ಅಂದ. ಮುದುಕನಿಗೆ ಕಿವಿ ಮಂದ, ಏನು ಅಂದ. ಅಣ್ಣ ಮತ್ತೊಮ್ಮೆ ಹೇಳಬೇಕಾಯಿತು, ಗಟ್ಟಿಯಾಗಿ. "ಮೆಣಸಿನಕಾಯಿ ಡಬ್ಬಿ. ಆಕಿ ಹೇಳಿದ್ದು ಮೆಣಸಿನಕಾಯಿ. ಬಂಗಾರದ್ದಲ್ಲ."

ಜಗಳಕ್ಕೆ ಬಂದ ಅಣ್ಣ ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಣ್ಣ ಎದ್ದು ಒಳಗೆ ಹೋದ. ನನ್ನನ್ನು ಒಳಗೆ ಬಾ ಅನ್ನಲಿಲ್ಲ, ನಾನೂ ಹೋಗಲಿಲ್ಲ. ಅತ್ತಿಗೆ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು, ಅವಳ ಕೈಯಿಂದ ಇಸಿದುಕೊಂಡು ಅಂಗಳದಲ್ಲೇ ಕುಡಿದೆ. ಒರಳುಕಲ್ಲು ಇನ್ನೂ ಅಲ್ಲೇ ಇತ್ತು. ಎಡಕ್ಕೆ ಹೊರಳಿ ಹೊರಬಂದೆ.

ಬಸ್‌ಸ್ಟ್ಯಾಂಡಿನಿಂದ ಮೊಮ್ಮಗಳಿಗೆ ಫೋನ್ ಹಚ್ಚಿದೆ. ಅವಳು ಐರಣಿಯಲ್ಲೇ ಉಳಿದಿದ್ದಳು, ಫೋನನ್ನು ಚಿಗವ್ವನ ಕಿವಿಗೆ ಹಿಡಿದಳು. ಅಣ್ಣ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ, ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ. ಆ ಕಡೆ ಮೊರ ಕುಟ್ಟುವ ಸಪ್ಪಳ ಕೇಳಿಸುತ್ತಿತ್ತು, ಅದು ನಿಂತಿತು.

"ಅಷ್ಟ ಹೇಳಾಕ ಇಷ್ಟ ದಿನಾ ಬೇಕಾತೇನು ಆ ಹುಡುಗಗ?" ಅಂದಳು.